ಬಲವರ್ಧಕ ಮಂತ್ರಗಳ ಅರ್ಥನಿರ್ಣಯ: ಆಟದ ನಿಯಮಭಾಷೆಯಲ್ಲಿ ‘ಬಲ’

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (1974) ಎಂಬ ಪಾತ್ರಾಭಿನಯದ ಮೇಜಿನಾಟದಲ್ಲಿ ಬಲವರ್ಧಕ ಮಂತ್ರಗಳನ್ನು ಕುರಿತ ವಿವಾದಗಳಿಗೆ ನಿಯಮಗಳ ಅಸ್ಪಷ್ಟತೆಯೇ ಕಾರಣವೆನ್ನುವುದು ವಾಡಿಕೆ. ನಾವು ಇದನ್ನು ಒಪ್ಪುವುದಿಲ್ಲ. ನಿಯಮಗಳು ಬಹುಮಟ್ಟಿಗೆ ನಿಖರವಾಗಿಯೇ ಇವೆ; ತೊಡಕಿರುವುದು ದಿನಬಳಕೆಯ ನಾಮಪದವೊಂದನ್ನು ಪರಿಭಾಷೆಯಾಗಿಯೂ ದುಡಿಸಿಕೊಂಡಿರುವುದರಲ್ಲಿ.

2000ದ ಮೂರನೆಯ ಆವೃತ್ತಿಯಿಂದೀಚೆಗೆ ‘ಬಲ’ವೆಂದರೆ ಒಂದು ಅಂಕ, ಆ ಅಂಕದಿಂದ 10 ಕಳೆದು, ಅರ್ಧಿಸಿ, ಭಿನ್ನವನ್ನು ಕೆಳಕ್ಕಿಳಿಸಿದಾಗ ದೊರೆಯುವ ಮಾಡಿಫೈಯರ್, ಜೊತೆಗೆ ಒಂದು ಬಗೆಯ ದಾಳಪರೀಕ್ಷೆಯ ಹೆಸರು. ‘ಬುಲ್ಸ್ ಸ್ಟ್ರೆಂತ್’ ಮಂತ್ರವು ಮೊದಲು ಅಂಕಕ್ಕೆ 2ರಿಂದ 5ರವರೆಗೆ, ದಾಳ ಬಿದ್ದಂತೆ, ಕೂಡಿಸುತ್ತಿತ್ತು. 2003ರ ಪರಿಷ್ಕರಣೆಯಲ್ಲಿ ಅದು ಖಚಿತ 4 ಆಯಿತು. 2014ರ ಐದನೆಯ ಆವೃತ್ತಿಯಲ್ಲಿ ಹೆಸರು ಉಳಿದಿದೆ, ಅಂಕ ಮಾತ್ರ ಕದಲುವುದಿಲ್ಲ: ಬಲಪರೀಕ್ಷೆಯಲ್ಲಿ ದಾಳವನ್ನು ಎರಡು ಬಾರಿ ಉರುಳಿಸಿ ಹೆಚ್ಚಿನದನ್ನು ಆಯ್ದುಕೊಳ್ಳಬಹುದು, ಇಮ್ಮಡಿ ಹೊರೆ ಹೊರಬಹುದು, ಅಷ್ಟೆ. ಹೀಗಾಗಿ ಎದುರಾಳಿಯನ್ನು ಹಿಡಿದು ನಿಲ್ಲಿಸುವಾಗ ಮಂತ್ರ ಒದಗುತ್ತದೆ, ಏಕೆಂದರೆ ಅದು ‘ಪರೀಕ್ಷೆ’. ಅದೇ ತೋಳಿನಿಂದ ಕತ್ತಿ ಬೀಸುವಾಗ ಒದಗುವುದಿಲ್ಲ, ಏಕೆಂದರೆ ಅದು ‘ದಾಳಿ’. ಹಳಬರಿಗೂ ಇದು ಒಗಟಾಗುವುದು ಸಹಜ; ಹೆಸರು ತನ್ನ ಹಿಂದಿನ ಅರ್ಥವನ್ನು ಹೊತ್ತೇ ಬಂದಿದೆ.

ಹಳೆಯ ಪಠ್ಯದ ‘ಎನ್‌ಹಾನ್ಸ್‌ಮೆಂಟ್ ಬೋನಸ್’ ಎಂಬಲ್ಲಿನ ವಿಶೇಷಣ ಭಾಷಾವಿಜ್ಞಾನಿಗೆ ಇನ್ನೂ ಕುತೂಹಲಕರ. ಅದು ಗುಣವನ್ನು ವರ್ಣಿಸುವುದಿಲ್ಲ, ವರ್ಗವನ್ನು ಸೂಚಿಸುತ್ತದೆ. ಇದೇ ವರ್ಗದ +2 ನೀಡುವ ‘ಗಾಂಟ್ಲೆಟ್ಸ್ ಆಫ್ ಓಗರ್ ಪವರ್’ ಎಂಬ ಕೈಗವಸು ತೊಟ್ಟವನ ಮೇಲೆ 2003ರ ಮಂತ್ರವನ್ನು ಪ್ರಯೋಗಿಸಿದರೆ ಒಟ್ಟು ಹೆಚ್ಚಳ 6 ಅಲ್ಲ, 4. ‘ಮಾಡು’ ಧಾತುವಿಗೆ ಎರಡು ಕಾಲಪ್ರತ್ಯಯಗಳನ್ನು ಒಮ್ಮೆಗೇ ಹಚ್ಚಲಾಗದಂತೆ, ಇಲ್ಲಿಯೂ ಸ್ಥಾನ ಒಂದೇ. ಹೋಲಿಕೆ ಪೂರ್ಣವಲ್ಲ, ಪ್ರತ್ಯಯಗಳಲ್ಲಿ ದೊಡ್ಡದು ಗೆಲ್ಲುವ ಪದ್ಧತಿಯಿಲ್ಲ.

ಐದನೆಯ ಆವೃತ್ತಿಯು ಕೈಗವಸಿನ ವಿಷಯದಲ್ಲಿ ಸಂಕಲನವನ್ನು ಬಿಟ್ಟು ಸಮೀಕರಣವನ್ನು ಹಿಡಿಯಿತು: ತೊಟ್ಟಿರುವವರೆಗೆ ಬಲದ ಅಂಕ 19. ಇಲ್ಲಿ ಇಂಗ್ಲಿಷಿನ ‘ಈಸ್’ ಸ್ಥಿತಿಯನ್ನು ಹೇಳುತ್ತದೆಯೋ ಬದಲಾವಣೆಯನ್ನೋ ಎಂಬುದು ರೂಪದಿಂದ ತಿಳಿಯದು. ಕನ್ನಡಿಸುವವರು ಕ್ರಿಯಾಪದವನ್ನು ಬಳಸಿದರೆ ‘ಇರುತ್ತದೆ’, ‘ಆಗುತ್ತದೆ’ ಇವೆರಡರಲ್ಲಿ ಒಂದನ್ನು ಆರಿಸಲೇಬೇಕು. ‘ಆಗುತ್ತದೆ’ ಎಂದೊಡನೆ 20 ಅಂಕವುಳ್ಳವನು ಕೈಗವಸು ತೊಟ್ಟು ಬಲಗುಂದುವ ಅರ್ಥವೂ ತಲೆಯೆತ್ತುತ್ತದೆ. ಮೂಲಪಠ್ಯ ಇದನ್ನು ಪ್ರತ್ಯೇಕ ವಾಕ್ಯದಿಂದ ತಡೆದಿದೆ: ಆಗಲೇ 19 ಅಥವಾ ಹೆಚ್ಚು ಇದ್ದವರಿಗೆ ಪರಿಣಾಮವಿಲ್ಲ. ಕೈಗವಸು ಹಿತಕಾರಿಯೆಂಬ ನಂಬಿಕೆಯಿಂದ, ಗ್ರೈಸ್ ವಿವರಿಸಿದಂಥ ಸಂದರ್ಭಾನುಮಾನದಿಂದಲೇ ಇದು ಸಿದ್ಧಿಸುತ್ತಿತ್ತಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಜಾನ್ ಸರ್ಲ್ ಹೇಳುವ ರಚನಾತ್ಮಕ ನಿಯಮಗಳಲ್ಲಿ ವಸ್ತುವಿನ ಗುಣವನ್ನು ನಿರ್ಮಿಸುವುದೇ ವಾಕ್ಯ. ಶಾಪಗ್ರಸ್ತ ವಸ್ತುಗಳೂ ಈ ಆಟದಲ್ಲಿ ಉಂಟು. ಆ ವಾಕ್ಯ ಪುನರುಕ್ತಿಯಲ್ಲ. ಕೈಗವಸಿಗೆ ಕಟ್ಟಿದ ಇಂಥ ಬೇಲಿಯನ್ನು ‘ಬುಲ್ಸ್ ಸ್ಟ್ರೆಂತ್’ಗೆ ಮಾತ್ರ ಕಟ್ಟದೆ, ದಾಳಿಗೆ ಅದು ಅನ್ವಯಿಸದೆಂಬುದನ್ನು ಓದುಗನೇ ಬೇರೆ ಅಧ್ಯಾಯದಿಂದ ಹೆಕ್ಕಿ ತರುವಂತೆ ಮಾಡಿರುವುದು ನಿಯಮಕಾರರ ಲೋಪವೆಂದೇ ನಮ್ಮ ಅಭಿಪ್ರಾಯ.