ಗುಬ್ಬಕ್ಕನ ಬಾಗಿಲು: ಒಂದು ಶಿಶುಕಥಾ ಕಮ್ಮಟದ ವಿಮರ್ಶೆ

ಅಚ್ಚಾದ ಗ್ರಂಥಕ್ಕೆ ವಿಮರ್ಶೆ ಸಲ್ಲುವುದು ವಾಡಿಕೆ. ಐದು ವರ್ಷದ ಮಕ್ಕಳ ಮುಂದೆ ಹೇಳಿದ ಕಥೆಗೆ ಅದು ದೊರೆಯುವುದು ಅಪರೂಪ. ಈಚೆಗೆ ಶಿಕ್ಷಕರ ತರಬೇತಿ ಸಂಸ್ಥೆಯೊಂದರ ವಿದ್ಯಾರ್ಥಿನಿಯರು ಐದಾರು ವರ್ಷದ ಮಕ್ಕಳಿಗಾಗಿ ನಡೆಸಿದ ಒಂದು ದಿನದ ಕಥಾಕಮ್ಮಟವನ್ನು ನೋಡುವ ಅವಕಾಶ ನಮಗೆ ಒದಗಿತು. ಇತಿಹಾಸವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಅಧಿಕಾರವೇನೆಂದು ಯಾರಾದರೂ ಕೇಳಬಹುದು. ಕಥೆಗೂ ಒಂದು ಚರಿತ್ರೆಯುಂಟು. ಅದನ್ನು ಮರೆತುದರಿಂದಲೇ ಅಂದಿನ ಕಮ್ಮಟದಲ್ಲಿ ಒಂದು ಕೊರತೆಯುಂಟಾಯಿತೆಂಬುದು ನಮ್ಮ ಅಭಿಪ್ರಾಯ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಆರಿಸಿಕೊಂಡ ಕಥೆಗಳು ಎರಡು: ಯೂರೋಪಿನ ಕೆಂಪು ಟೋಪಿಯ ಹುಡುಗಿಯ ಕಥೆ ಮತ್ತು ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆ. ವಿದ್ಯಾರ್ಥಿನಿಯರು ರಟ್ಟಿನ ಮುಖವಾಡಗಳನ್ನು ತಾವೇ ಕತ್ತರಿಸಿ ಬಣ್ಣ ಹಚ್ಚಿದ್ದರು. ಮಳೆ ಬಂದಾಗ ಮಕ್ಕಳೆಲ್ಲರೂ ಬೆರಳುಗಳಿಂದ ನೆಲವನ್ನು ತಟ್ಟಬೇಕು. ಮೊದಲು ಒಂದು ಬೆರಳು, ಆಮೇಲೆ ಎರಡು, ಕೊನೆಗೆ ಹತ್ತೂ ಬೆರಳು. ಸಗಣಿಯ ಮನೆ ಕೊಚ್ಚಿಹೋಗುವ ಹೊತ್ತಿಗೆ ಕೋಣೆಯೆಲ್ಲ ಮಳೆಯ ಸದ್ದಿನಿಂದ ತುಂಬಿಹೋಯಿತು. ಬಾಯಿ ತೆರೆಯಲು ಅಂಜುತ್ತಿದ್ದ ಮಕ್ಕಳೂ ಆ ಮಳೆಯಲ್ಲಿ ಪಾಲುಗೊಂಡುದನ್ನು ಕಂಡೆವು.

ದೋಷ ಕಾಣಿಸಿಕೊಂಡುದು ಆಮೇಲೆ. ನೆನೆದ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ಮಗುವಿಗೆ ನೀರೆರೆಯುತ್ತಿದ್ದೇನೆ, ತಾಳು ಎಂದು ಗುಬ್ಬಕ್ಕ ಉತ್ತರಿಸಬೇಕು. ಗುಬ್ಬಕ್ಕನಾಗಿದ್ದ ಹುಡುಗ ಮೊದಲ ತಟ್ಟಿಗೇ ಬಾಗಿಲನ್ನು ತೆರೆದುಬಿಟ್ಟನು. “ಹಾಗಲ್ಲ ಪುಟ್ಟಾ, ಕಥೆಯಲ್ಲಿ ಹಾಗಿಲ್ಲ” ಎಂದು ಶಿಕ್ಷಕಿ ಮೃದುವಾಗಿಯೇ ತಿದ್ದಿದರು. ಹುಡುಗ ಎರಡನೆಯ ಸಲವೂ ತೆರೆದನು. “ಅವಳು ನೆನೀತಿದಾಳೆ, ಮಿಸ್” ಎಂಬುದು ಅವನ ಸಮಾಧಾನ. ಮೂರನೆಯ ಸಲ ಹೇಳಿಕೊಟ್ಟ ಮಾತನ್ನು ಒಪ್ಪಿಸಿದನು. ಆದರೆ ಆಮೇಲೆ ಮಳೆ ಬಂದಾಗ ಅವನ ಬೆರಳು ನೆಲವನ್ನು ತಟ್ಟಲಿಲ್ಲ. ಕೆಂಪು ಟೋಪಿಯ ಹುಡುಗಿಯನ್ನು ತಾಯಿ ಕಾಡಿಗೆ ಒಬ್ಬಳನ್ನೇ ಏಕೆ ಕಳುಹಿಸಿದಳೆಂದು ಕೇಳಿದ ಬಾಲಕಿಗೆ ದೊರೆತ ಉತ್ತರ, “ಆಮೇಲೆ ಹೇಳ್ತೀನಿ” ಎಂಬುದು. ಕಮ್ಮಟಕ್ಕೆ ಮಕ್ಕಳು ಭಾಗವಹಿಸುವ ಕಥೆಯೆಂದು ಹೆಸರು. ಅವರಿಗೆ ಸಂದ ಭಾಗವಾದರೋ ಸದ್ದಿನದು ಮಾತ್ರ, ನಿರ್ಣಯದ್ದಲ್ಲ.

‘ಕಥೆಯಲ್ಲಿ ಹಾಗಿಲ್ಲ’ ಎಂಬ ಮಾತನ್ನು ಚರಿತ್ರೆಯ ಮುಂದೆ ಇಟ್ಟು ನೋಡೋಣ. ಯಾವ ಕಥೆಯಲ್ಲಿ? 1697ರಲ್ಲಿ ಫ್ರಾನ್ಸಿನ ಷಾರ್ಲ್ ಪೆರೋ ಪ್ರಕಟಿಸಿದ ಪಾಠದಲ್ಲಿ ಕೆಂಪು ಟೋಪಿಯ ಹುಡುಗಿಯನ್ನು ತೋಳ ತಿಂದುಹಾಕುತ್ತದೆ. ಕಥೆ ಅಲ್ಲಿಗೆ ಮುಗಿದು, ನೀತಿಬೋಧೆಯ ಪದ್ಯವೊಂದು ಬರುತ್ತದೆ. ಜರ್ಮನಿಯ ಗ್ರಿಮ್ ಸೋದರರು 1812ರಲ್ಲಿ ಪ್ರಕಟಿಸಿದ ಪಾಠದಲ್ಲಿ ಬೇಟೆಗಾರನು ಬಂದು ತೋಳದ ಹೊಟ್ಟೆಯನ್ನು ಸೀಳಿ ಅಜ್ಜಿ ಮೊಮ್ಮಗಳಿಬ್ಬರನ್ನೂ ಉಳಿಸುತ್ತಾನೆ. ಅದೇ 1812ರ ಮುದ್ರಣದಲ್ಲಿ ಹಿಮಬಿಳುಪಿಯನ್ನು ಕೊಲ್ಲಿಸಲು ಹವಣಿಸುವವಳು ಹೆತ್ತ ತಾಯಿ. 1819ರ ಮುದ್ರಣದಲ್ಲಿ ಅವಳು ಮಲತಾಯಿಯಾದಳು. 1857ರ ಏಳನೆಯ ಮುದ್ರಣದವರೆಗೂ ತಿದ್ದುಪಡಿ ನಡೆದೇ ಇತ್ತು. ನಮ್ಮ ಕಾಗಕ್ಕನ ಕಥೆಯೂ ಮನೆಯಿಂದ ಮನೆಗೆ ಬೇರೆಯಾಗುತ್ತದೆಂಬುದನ್ನು ಅಜ್ಜಿಯರಿಂದ ಕೇಳಿದವರೆಲ್ಲ ಬಲ್ಲರು. ದೊಡ್ಡವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಕಾರ್ಯವನ್ನು ಒಬ್ಬ ಹುಡುಗ ಮಾಡಿದಾಗ ಅದು ತಪ್ಪೆನಿಸಿತು.

ಈ ಪ್ರಶ್ನೆಯನ್ನು ಎದುರಿಸಿದವರಲ್ಲಿ ಇಟಲಿಯ ಜಾನ್ನಿ ರೊದಾರಿ ಮುಖ್ಯರು. ಯೌವನದಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ಇವರು 1972ರ ಮಾರ್ಚಿಯಲ್ಲಿ ರೆಜ್ಜೊ ಎಮಿಲಿಯಾ ನಗರದಲ್ಲಿ ಸುಮಾರು 50 ಮಂದಿ ಶಿಕ್ಷಕರೊಡನೆ ಗೋಷ್ಠಿ ನಡೆಸಿದರು. ಅದರ ಫಲವಾದ ‘ಕಲ್ಪನೆಯ ವ್ಯಾಕರಣ’ವೆಂಬ ಗ್ರಂಥ 1973ರಲ್ಲಿ ಹೊರಬಂದಿತು. ಅವರು ಹೇಳುವ ಉಪಾಯಗಳಲ್ಲಿ ಒಂದು ಇದು: ಹುಡುಗಿ, ಕಾಡು, ಹೂವು, ತೋಳ, ಅಜ್ಜಿ ಎಂಬ ಪರಿಚಿತ ಪದಗಳ ಜೊತೆಗೆ ಹೆಲಿಕಾಪ್ಟರ್ ಎಂಬುದನ್ನು ಸೇರಿಸಿ ಕೊಡುವುದು. ಆಗ ಹಳೆಯ ಕಥೆಯನ್ನೇ ಒಪ್ಪಿಸುವುದಕ್ಕೆ ದಾರಿಯಿಲ್ಲ, ಮಗು ಯೋಚಿಸಲೇಬೇಕು.

ಹಾಗಾದರೆ ಮಗು ಹೇಳಿದುದೆಲ್ಲ ಕಥೆಯೇ ಎಂಬ ಆಕ್ಷೇಪ ಬರುವುದು ಸಹಜ. ಅದರಲ್ಲಿ ಹುರುಳಿದೆ. ಕಥೆಗೆ ಬೆನ್ನೆಲುಬುಂಟು, ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಮಾಯಾಕಥೆಗಳ ನಡೆಯನ್ನು 31 ಘಟಕಗಳಾಗಿ ವಿಂಗಡಿಸಿ ಅವು ಒಂದು ಕ್ರಮದಲ್ಲಿಯೇ ಬರುವುವೆಂದು ತೋರಿಸಿದರು. ಗುಬ್ಬಕ್ಕ ಮತ್ತೆ ಮತ್ತೆ ಕಾಯಿಸುವುದೇ ಆ ಕಥೆಯ ಜೀವ. ಬಾಗಿಲು ಕೂಡಲೇ ತೆರೆದರೆ ಕಥೆ ಅಲ್ಲಿಯೇ ನಿಲ್ಲುವುದೆಂಬ ಶಿಕ್ಷಕಿಯ ಆತಂಕ ಸುಳ್ಳಲ್ಲ. ಆದರೆ ನಿಂತ ಕಥೆಯನ್ನು ನಡೆಸುವ ಮಾರ್ಗ ಬಾಗಿಲನ್ನು ಮತ್ತೆ ಮುಚ್ಚಿಸುವುದೊಂದೇ ಅಲ್ಲ. ‘ಕಾಗಕ್ಕ ಒಳಗೆ ಬಂದಳು, ಮನೆ ಚಿಕ್ಕದು, ಗುಬ್ಬಕ್ಕನ ಮರಿಗಳು ಮಲಗಿವೆ, ಈಗ ಏನು ಮಾಡೋಣ?’ ಎಂದು ಕೇಳಬಹುದಾಗಿತ್ತು. ತೊಡಕು ಬಾಗಿಲ ಹೊರಗಿನಿಂದ ಒಳಕ್ಕೆ ಬರುತ್ತಿತ್ತು. ಕಥೆ ಉಳಿಯುತ್ತಿತ್ತು, ಹುಡುಗನೂ ಅದರಲ್ಲಿ ಉಳಿಯುತ್ತಿದ್ದನು.

ತಪ್ಪನ್ನು ಆ ವಿದ್ಯಾರ್ಥಿನಿಯರ ಮೇಲೆ ಹೊರಿಸುವುದು ಅನ್ಯಾಯ. ಅವರ ಪಾಠಯೋಜನೆಯ ಪುಸ್ತಕವನ್ನು ನೋಡಿದೆವು. ಒಂದು ಅಂಕಣದಲ್ಲಿ ಶಿಕ್ಷಕಿಯ ಪ್ರಶ್ನೆ. ಅದರ ಎದುರಿಗೆ ‘ನಿರೀಕ್ಷಿತ ಉತ್ತರ’. ಕಮ್ಮಟದ ಮುನ್ನಾದಿನವೇ ಮಕ್ಕಳ ಉತ್ತರಗಳೆಲ್ಲವೂ ದುಂಡಗಿನ ಅಕ್ಷರಗಳಲ್ಲಿ ಬರೆಯಲ್ಪಟ್ಟಿದ್ದುವು. ಈ ಅಭ್ಯಾಸವನ್ನು ಅವರಿಗೆ ಕಲಿಸಿದವರು ಯಾರು? ನಾವು ಎಂದೇ ಒಪ್ಪಿಕೊಳ್ಳಬೇಕು. ರಕ್ಕಸತಂಗಡಿಯ ಯುದ್ಧ ನಡೆದುದು 1565ರಲ್ಲಿ; ಅಲ್ಲಿ ‘ಹಾಗಲ್ಲ’ ಎನ್ನುವುದು ಇತಿಹಾಸದ ಅಧ್ಯಾಪಕನ ಧರ್ಮ. ಆದರೆ ಆ ಯುದ್ಧದ ಕಾರಣಗಳನ್ನು ಕೇಳಿದಾಗಲೂ ಎಣಿಸಿಟ್ಟ ಐದೇ ಅಂಶಗಳನ್ನು ನಿರೀಕ್ಷಿಸಿ, ಆರನೆಯದನ್ನು ಹೇಳಿದವನಿಗೆ ಅಂಕ ಕೊಡದವರು ನಾವು. ನಡೆದುದನ್ನು ಹೇಳುವ ಶಾಸ್ತ್ರಕ್ಕೂ ನಡೆಯಬಹುದಾದುದನ್ನು ಹೇಳುವ ಕಲೆಗೂ ಇರುವ ಭೇದವನ್ನು ನಮ್ಮ ತರಗತಿಗಳಲ್ಲಿ ಕಾಣದವರು ತಮ್ಮ ತರಗತಿಗಳಲ್ಲಿ ಹೇಗೆ ತೋರಿಸಿಯಾರು?

ನಮ್ಮ ಸೂಚನೆ ಅಲ್ಪವಾದುದು. ಮುಂದಿನ ಕಮ್ಮಟದ ಯೋಜನೆಯಲ್ಲಿ ಪ್ರತಿಯೊಂದು ಕಥೆಗೂ ಒಂದು ಪ್ರಶ್ನೆಯ ಎದುರಿಗಾದರೂ ಆ ಅಂಕಣವನ್ನು ಖಾಲಿ ಬಿಡಲಿ. ಕಮ್ಮಟ ಮುಗಿದ ಮೇಲೆ ಮಕ್ಕಳು ಹೇಳಿದುದನ್ನು ಅಲ್ಲಿ ಬರೆದುಕೊಳ್ಳಲಿ. ಮಿಕ್ಕ ಸಿದ್ಧತೆಯೆಲ್ಲ ಅವರಲ್ಲಿ ಆಗಲೇ ಇದೆ.