ಚಳಿನಾಡಿನ ಲೆಕ್ಕ, ಕೋಲಾರದ ಚಪ್ಪಡಿ

ಚಳಿದೇಶಗಳಲ್ಲಿ ಕಡಿಮೆ ಇಂಗಾಲದ ಕಚೇರಿ ಕಟ್ಟುವವರ ಚಿಂತೆಯೆಲ್ಲ ಒಳಗಿನ ಬಿಸಿ ಸೋರದಂತೆ ಹಿಡಿಯುವುದು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಮನೆಗಳಿಂದ ಬೆಳೆದ ಪ್ಯಾಸಿವ್ ಹೌಸ್ ಮಾನದಂಡ, ಕಟ್ಟಡ ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ ಮೀರಬಾರದು ಎನ್ನುತ್ತದೆ. ದಪ್ಪ ಶಾಖನಿರೋಧಕ ಪದರ, ಮೂರು ಪದರದ ಗಾಜು, ಗಾಳಿ ನುಸುಳದ ಗೋಡೆ: ಅಲ್ಲಿಗೆ ಅದು ಸರಿಯಾದ ಲೆಕ್ಕ. ಅದರಿಂದ ಗಾಜನ್ನೂ ತೆರೆಯದ ಕಿಟಕಿಯನ್ನೂ ಮಾತ್ರ ಎತ್ತಿಕೊಂಡು ಬಂದರೆ ಕೋಲಾರದಲ್ಲಿ ಏಸಿ ಇಲ್ಲದೆ ಕೂರಲಾಗದ ಕಚೇರಿ ಸಿಗುತ್ತದೆ. ಜನವರಿಯ ರಾತ್ರಿಯಲ್ಲೂ 15 ಡಿಗ್ರಿಯ ಆಸುಪಾಸಿರುವ ಈ ಊರಿಗೆ ಹೀಟರ್ ಬೇಕಿಲ್ಲ. ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಗುವಲ್ಲಿ ಕರೆಂಟ್ ಬಿಲ್ಲಿಗಿಂತ ಮೊದಲು ನೋಡಬೇಕಾದ್ದು ಸಿಮೆಂಟ್, ಕಬ್ಬಿಣ, ಇಟ್ಟಿಗೆಯ ಲೆಕ್ಕ.

ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಯಾವ ಇಂಧನದಿಂದ ಸುಟ್ಟರೂ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಸೌರಫಲಕ ಹಾಕಿ ಇದನ್ನು ತಪ್ಪಿಸಲಾಗದು. ಈ ಜಿಲ್ಲೆಯ ಹಳೆಯ ಮನೆಗಳ ಮೇಲಿನ ಕಲ್ಲುಚಪ್ಪಡಿಗೆ ಆ ಹೊರೆಯಿಲ್ಲ. ಮುಳಬಾಗಿಲು ಬಳಿಯ ಕುರುಡುಮಲೆ ದೇವಾಲಯವನ್ನು ನೋಡಿದವರಿಗೆ ಕಲ್ಲಿನ ಬಾಳಿಕೆಯನ್ನು ವಿವರಿಸಬೇಕಾಗಿಲ್ಲ. ಆದರೆ ಸ್ಥಳೀಯವಾದದ್ದೆಲ್ಲ ಹಸಿರು ಎಂಬ ಭ್ರಮೆಯೂ ಬೇಡ. ಮಾಲೂರಿನ ಇಟ್ಟಿಗೆ ಊರಿನದೇ, ಗೂಡಿನಲ್ಲಿ ಸುಟ್ಟದ್ದೂ ಹೌದು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಗ್ರಾಮೀಣ ತಂತ್ರಜ್ಞಾನ ಘಟಕ ‘ಆಸ್ಟ್ರಾ’ ಬೆಳೆಸಿದ, ತುಸುವೇ ಸಿಮೆಂಟ್ ಬೆರೆಸಿ ಒತ್ತುವ ಮಣ್ಣಿನ ಇಟ್ಟಿಗೆಗೆ ಗೂಡೇ ಬೇಡ. ಕೋಲಾರ, ಶ್ರೀನಿವಾಸಪುರಗಳ ಮರಳುಮಿಶ್ರಿತ ಕೆಮ್ಮಣ್ಣು ಅದಕ್ಕೆ ಹೇಳಿಮಾಡಿಸಿದಂತಿದೆ.

ಬೇಸಿಗೆಯಲ್ಲಿ ಚಪ್ಪಡಿ ಕಾದು ಕೆಂಡವಾಗುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಬರಿಯ ಕಲ್ಲು ಮಧ್ಯಾಹ್ನದ ಬಿಸಿಲನ್ನು ಕಚೇರಿ ಮುಚ್ಚುವ ಮೊದಲೇ ಒಳಗೆ ಇಳಿಸಿಬಿಡುತ್ತದೆ. ಹಿಂದೆ ಅದರ ಮೇಲೆ ಮಣ್ಣು ಹರಡಿ ಗಾರೆ ಬಳಿಯುತ್ತಿದ್ದುದು ಸುಮ್ಮನೆ ಅಲ್ಲ. ಬಿಸಿಲು, ಸೋರುವ ಸಂದು ಎರಡಕ್ಕೂ ಅದೇ ಮದ್ದು. ಗಾಳಿಯ ವಿಷಯಕ್ಕೆ ಬೆಂಗಳೂರಿನ ದೊಮ್ಮಲೂರಿನಲ್ಲಿ ಸಂಜಯ್ ಮೋಹೆ ವಿನ್ಯಾಸಗೊಳಿಸಿದ, ಇಂಧನ ಸಂಶೋಧನಾ ಸಂಸ್ಥೆ ಟೆರಿಯ ಕಚೇರಿ ನೋಡಬೇಕು: ದಕ್ಷಿಣದ ಜೋಡಿ ಗೋಡೆಯ ನಡುವೆ ಬಿಸಿಯಾದ ಗಾಳಿ ಮೇಲೇರಿ, ಉತ್ತರದಿಂದ ಹೊಸ ಗಾಳಿಯನ್ನು ಒಳಗೆ ಎಳೆಯುತ್ತದೆ.

ಕಲ್ಲು ತೆಗೆದರೆ ಬೆಟ್ಟ ಕರಗುವುದಿಲ್ಲವೇ? ಕರಗುತ್ತದೆ. ಕಾಂಕ್ರೀಟಿನ ಜಲ್ಲಿಯೂ ಬಂಡೆಯಿಂದಲೇ ಬರುತ್ತದೆ, ಜೊತೆಗೆ ಸಿಮೆಂಟನ್ನೂ ಕೇಳುತ್ತದೆ. ಚಪ್ಪಡಿಯ ನಿಜವಾದ ಮಿತಿ ಅಗಲದ್ದು: ಎಂಟು ಹತ್ತು ಅಡಿಗೊಂದು ಆಧಾರ ಬೇಕು. ಕೋಣೆಗಳಾಗಿ ಒಡೆಯುವ ಒಂದಂತಸ್ತಿನ ನಾಡಕಚೇರಿಗೆ ಅದು ಅಡ್ಡಿಯಾಗದು. ನಾಲ್ಕಂತಸ್ತಿಗೆ, ದೊಡ್ಡ ಹಾಲ್‌ಗೆ ಚಪ್ಪಡಿಯೇ ಬೇಕೆನ್ನುವುದು ಹಠ. ಅಲ್ಲಿ ಕಂಬ, ತೊಲೆ, ತಾರಸಿ ಕಾಂಕ್ರೀಟಿನವೇ ಇರಲಿ, ಗೋಡೆಗಾದರೂ ಸುಡದ ಇಟ್ಟಿಗೆ ಬರಲಿ.