ಅಂಕಿತ ಯಾರ ಸೊತ್ತು?



ಹೋದ ತಿಂಗಳ ಜೂಮ್ ಕೂಟದ ಕೊನೆಯಲ್ಲಿ ರಾಲಿಯ ಗೆಳತಿಯೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ತಮ್ಮ ಮೊದಲ ಕಥೆಗೆ ಸ್ವಂತ ಹೆಸರು ಹಾಕಲೋ, ಕಾವ್ಯನಾಮ ಹಾಕಲೋ? ಸ್ವಂತ ಹೆಸರು ಹಾಕಿದರೆ ಆಫೀಸಿನವರೂ ನೆಂಟರೂ ಹುಡುಕಿ ಓದುತ್ತಾರೆ. ಬೇರೆ ಹೆಸರು ಹಾಕಿದರೆ ಬರೆದದ್ದು ತಮ್ಮದೇ ಅಂತ ಅನ್ನಿಸುವುದಿಲ್ಲ. ಅಟ್ಲಾಂಟಾದವರು ನಾಲ್ಕಾರು ಚಂದದ ಹೆಸರು ಸೂಚಿಸಿ ನಗಿಸಿದರು. ವರ್ಜೀನಿಯಾದ ನಾವು ಊಟದ ಹೊತ್ತಾಯಿತೆಂದು ಎದ್ದೆವು. ಉತ್ತರ ಮಾತ್ರ ಸಿಗಲಿಲ್ಲ. ಈ ಸಲದ ನನ್ನ ಸರದಿಯನ್ನು ಅದಕ್ಕೇ ಬಳಸಿಕೊಳ್ಳುತ್ತೇನೆ.

ಮೊದಲು ನನ್ನ ಕಸುಬಿನ ಒಂದು ಮಾತು. ನಾವು ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಬಳಕೆದಾರನಿಗೆ ಸಾಮಾನ್ಯವಾಗಿ ಎರಡು ಗುರುತು. ಒಂದು ಪರದೆಯ ಮೇಲೆ ಕಾಣುವ ಹೆಸರು. ಅದನ್ನು ದಿನಕ್ಕೆ ಮೂರು ಸಲ ಬದಲಿಸಿದರೂ ಯಾರಿಗೂ ತೊಂದರೆಯಿಲ್ಲ. ಇನ್ನೊಂದು ಒಳಗಿನ ಕೀಲಿ. ಅವನು ಬರೆದದ್ದು, ಕೊಟ್ಟದ್ದು, ತೆಗೆದುಕೊಂಡದ್ದು ಎಲ್ಲ ಆ ಕೀಲಿಗೆ ಗಂಟು ಬಿದ್ದಿರುತ್ತದೆ. ಅದನ್ನು ಬದಲಿಸಿದರೆ ಬರಹ ಅನಾಥ. ಕಾವ್ಯನಾಮವೆಂದರೆ ಮೊದಲನೆಯ ಬಗೆಯದು, ಬೇಕೆಂದಾಗ ಹಾಕಿ ತೆಗೆಯುವ ಅಂಗಿ ಎಂದು ನಾವು ತಿಳಿದಿದ್ದೇವೆ. ಕನ್ನಡದ ಪರಂಪರೆ ಅದನ್ನು ಎರಡನೆಯದಾಗಿ ಕಂಡಿದೆ ಎಂಬುದು ನನ್ನ ವಾದ.

ವಚನಗಳನ್ನೇ ನೋಡಿ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ: ಇವು ಬರೆದವರ ಹೆಸರುಗಳಲ್ಲ, ಅವರು ಯಾರೊಡನೆ ಮಾತಾಡಿದರೋ ಆ ದೇವರ ಹೆಸರುಗಳು. ಆದರೂ ಇದು ಬಸವಣ್ಣನದು, ಇದು ಅಲ್ಲಮನದು, ಇದು ಅಕ್ಕನದು ಎಂದು ನಮಗೆ ಗುರುತು ಸಿಗುವುದು ಅಲ್ಲಿಂದಲೇ. ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರ ಸಾರ' ಹೊರತಂದರಲ್ಲ, ಅಂಥ ರಾಶಿಯಲ್ಲಿ ಅಂಕಿತವೇ ಇಲ್ಲದಿದ್ದರೆ ಯಾರ ಮಾತು ಯಾರದೆಂದು ಹೇಳುವುದು ಹೇಗೆ? ಇನ್ನು ದಾಸರಲ್ಲಿ ಅಂಕಿತ ಕೊಡುವವರು ಗುರುಗಳು. ವಿಜಯದಾಸರು ಭಾಗಣ್ಣನಿಗೆ 'ಗೋಪಾಲವಿಠಲ' ಕೊಟ್ಟರು, ಭಾಗಣ್ಣ ಗೋಪಾಲದಾಸರಾದರು. ಅಂದರೆ ಹೆಸರು ಅಂಟಿಸಿಕೊಳ್ಳುವ ಚೀಟಿಯಲ್ಲ, ಇನ್ನೊಬ್ಬರು ಒಪ್ಪಿಸಿದ ಹೊಣೆ.

ಈ ಕೀಲಿಯನ್ನು ಮುಟ್ಟಿದರೆ ಏನಾಗುತ್ತದೆಂದು ನಮ್ಮ ಕಾಲದಲ್ಲೇ ನೋಡಿದ್ದೇವೆ. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿದರು. 1998ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2017ರಲ್ಲಿ ಅವರ ಮೇಲ್ಮನವಿ ವಜಾ ಆಯಿತು. ಪುಸ್ತಕವನ್ನು ನಿಷೇಧಿಸುವುದು ನನಗೆ ಒಗ್ಗುವ ಮಾತಲ್ಲ. ಧರ್ಮದ ಚರ್ಚೆಯೂ ಇಲ್ಲಿ ಬೇಡ. ಬರೇ ಓದುಗನಾಗಿ ಹೇಳುವುದಾದರೆ, ಅಂಕಿತ ಬದಲಾದೊಡನೆ ವಚನದ ಕೊನೆಯ ಉಸಿರೇ ಬೇರೆಯಾಗುತ್ತದೆ. ಎಂಟು ಶತಮಾನ ಕೇಳಿದವರ ಕಿವಿಗೆ ಅದು ಬೇರೆಯವರ ದನಿ. ಒಮ್ಮೆ ಓದುಗರ ಕೈಗಿಟ್ಟ ಹೆಸರು ಓದುಗರದೂ ಆಗಿಬಿಡುತ್ತದೆ.

ಹಾಗಾದರೆ ಅಡಗಿಕೊಳ್ಳಲು ಇಟ್ಟುಕೊಂಡ ಹೆಸರಿನ ಗತಿ? ಇದಕ್ಕೆ ಮುದ್ದಣನಿಗಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನು ಬರೆದ 'ಅದ್ಭುತ ರಾಮಾಯಣ', 'ಶ್ರೀರಾಮ ಪಟ್ಟಾಭಿಷೇಕ', 'ರಾಮಾಶ್ವಮೇಧ'ಗಳನ್ನು ಯಾವುದೋ ಹಳೆಯ ಕವಿಯ ಕೃತಿಗಳೆಂದು ಮೈಸೂರಿನ ಸಂಪಾದಕರಿಗೆ ಕಳಿಸಿದ. ಡ್ರಿಲ್ ಮೇಷ್ಟ್ರ ಹಳಗನ್ನಡವನ್ನು ಯಾರು ನಂಬುತ್ತಾರೆ ಎಂಬ ಅಳುಕು ಇದ್ದಿರಬೇಕೆಂದು ನನ್ನ ಊಹೆ. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡ. ಇವನೇ ಕವಿ ಎಂದು ಲೋಕಕ್ಕೆ ಗೊತ್ತಾದದ್ದು ಆಮೇಲೆ. ಮೆಚ್ಚುಗೆಯ ಪಾಲು ಅವನಿಗೆ ಸಿಗಲೇ ಇಲ್ಲ.

ಆದರೆ 'ರಾಮಾಶ್ವಮೇಧ'ವನ್ನು ಇನ್ನೊಮ್ಮೆ ಓದಿ. ಮುಖಪುಟದಲ್ಲಿ ವಿಳಾಸ ಮರೆಸಿದವನು ಒಳಗೆ ಬಾಗಿಲು ತೆರೆದೇ ಇಟ್ಟಿದ್ದಾನೆ. ಮಳೆಗಾಲ, ಬೇಸರಗೊಂಡ ಮನೋರಮೆ, ಕಥೆ ಹೇಳೆಂದು ಪೀಡಿಸುವುದು, ಪದ್ಯ ಬೇಡ ಗದ್ಯವಿರಲಿ ಎಂದು ಗಂಡನಿಗೇ ತಾಕೀತು. ಯಾವ ಪ್ರಾಚೀನ ಕವಿಯ ಹೆಂಡತಿ ಹೀಗೆ ಮಾತಾಡಿಯಾಳು? ಇದು ಆ ಕಾಲದ ಉಡುಪಿಯ ಒಂದು ಮನೆ. ಶ್ರೀರಾಮನ ಕಥೆಗಿಂತ ಈ ಗಂಡಹೆಂಡಿರ ಸಲ್ಲಾಪವೇ ಇಂದಿಗೂ ನಮ್ಮ ನೆನಪಿನಲ್ಲಿ ಉಳಿದಿದೆ. ಹೆಸರು ಸುಳ್ಳು ಹೇಳಬಹುದು, ವಾಕ್ಯ ಹೇಳಲಾರದು.

ವೈದೇಹಿಯವರದು ಇನ್ನೊಂದು ದಾರಿ. ಕುಂದಾಪುರದ ವಾಸಂತಿ ಮದುವೆಯ ನಂತರ ಜಾನಕಿ ಶ್ರೀನಿವಾಸಮೂರ್ತಿ ಆದರು. 'ಸುಧಾ' ವಾರಪತ್ರಿಕೆಗೆ ಕಥೆ ಕಳಿಸಿದ ಮೇಲೆ, ಅದು ನಿಜಸಂಗತಿಯನ್ನು ಆಧರಿಸಿದ್ದೆಂಬ ಕಾರಣಕ್ಕೆ, ಪ್ರಕಟಿಸಬೇಡಿ ಎಂದರು. ಸಂಪಾದಕರು ಕಥೆ ಬಿಡಲಿಲ್ಲ, 'ವೈದೇಹಿ' ಎಂದು ಹೆಸರು ಬದಲಿಸಿ ಅಚ್ಚು ಹಾಕಿದರು. ಜಾನಕಿಗೂ ವೈದೇಹಿಗೂ ಅರ್ಥ ಒಂದೇ, ಇಬ್ಬರೂ ಸೀತೆಯರೇ! ಹುಟ್ಟಿದ ಮನೆ ಒಂದು ಹೆಸರು ಕೊಟ್ಟಿತು, ಸೇರಿದ ಮನೆ ಒಂದು, ಪತ್ರಿಕೆ ಒಂದು. ಮೂರರಲ್ಲಿ ಒಂದನ್ನೂ ಅವರು ಆರಿಸಿಕೊಂಡದ್ದಲ್ಲ. ಆದರೆ ಮೂರನೆಯದರಲ್ಲಿ ಅವರು ಬಂದು ನೆಲೆಸಿದರು. ಮರೆಗೆಂದು ಬಂದ ಹೆಸರು ಮುಖವೇ ಆಯಿತು. ಹೆಂಗಸರು ಒಳಮನೆಯಲ್ಲಿ ನುಂಗಿಕೊಂಡ ಮಾತನ್ನು ಆ ಹೆಸರು ಹೊರಗೆ ತಂದಿತು. 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೂ ಅದೇ ಹೆಸರಿಗೆ.

ಈಗ ನನ್ನ ಕಥೆ. 2008ರಲ್ಲಿ ನಾನು ಕ್ಯಾರಿಯಲ್ಲಿದ್ದೆ. ಒಂದು ಸ್ಮರಣಸಂಚಿಕೆಗೆ ಕಾವ್ಯನಾಮದಲ್ಲಿ ಕಥೆ ಬರೆದೆ. ಆರು ತಿಂಗಳಿಗೆಂದು ಮಗನ ಮನೆಗೆ ಬಂದ ತಾಯಿ, ಕಾರು ನಡೆಸಲು ಬಾರದೆ, ಕಿಟಕಿಯ ಪಕ್ಕ ಕೂತು ಹೋಗಿಬರುವ ಕಾರುಗಳನ್ನು ಎಣಿಸುತ್ತಾಳೆ. ಗೆಳೆಯರು ಮೆಚ್ಚಿದರು. ಒಬ್ಬ ಗೆಳೆಯ ಮಾತ್ರ ಫೋನ್ ಮಾಡಿ, "ಅಮ್ಮ ಓದಿದರು ಕಣೋ. ಈ ಕುರ್ಚಿ ನಮ್ಮನೇದು ಅಂದರು. ಯಾರು ಬರೆದಿರಬಹುದು?" ಎಂದ. ನಾನು "ಗೊತ್ತಿಲ್ಲ" ಅಂದೆ. ಅದೇ ಕುರ್ಚಿಯ ಪಕ್ಕ ಕೂತು ಆ ತಾಯಿಯ ಕೈಯ ಬಿಸಿಬೇಳೆಭಾತ್ ತಿಂದವನು ನಾನು. ಅವರು ಊರಿಗೆ ಮರಳಿದರು, ಕೆಲವು ವರ್ಷಗಳಲ್ಲಿ ತೀರಿಕೊಂಡರು. ಆ ಹೆಸರಿನಲ್ಲಿ ನಾನು ಮತ್ತೆ ಒಂದು ಸಾಲನ್ನೂ ಬರೆಯಲಿಲ್ಲ.

ಕಥೆ ಬರೆದದ್ದು ತಪ್ಪಲ್ಲ, ಕಾವ್ಯನಾಮ ಇಟ್ಟದ್ದೂ ತಪ್ಪಲ್ಲ. ಕೇಳಿದಾಗ ಆ ಹೆಸರಿನ ಹಿಂದಿನಿಂದ ಎದ್ದು ಬರಲಿಲ್ಲವಲ್ಲ, ಅದು ತಪ್ಪು. ಮುದ್ದಣ ಅಡಗಿದ್ದು ತನ್ನ ಕೀರ್ತಿಯಿಂದ. ವೈದೇಹಿಯವರ ಹೆಸರು ಕಾಪಾಡಿದ್ದು ಇನ್ನೊಬ್ಬರ ಬದುಕನ್ನು. ನಾನು ಅಡಗಿದ್ದು ಒಬ್ಬ ಮುದುಕಿಯ ಕಣ್ಣಿನಿಂದ.

ಆದ್ದರಿಂದ ರಾಲಿಯ ಗೆಳತಿಗೆ ನನ್ನ ಉತ್ತರ: ಯಾವ ಹೆಸರು ಬೇಕಾದರೂ ಇಡಿ. ಕಥೆಯಲ್ಲಿ ತಮ್ಮನ್ನು ಗುರುತಿಸಿಕೊಂಡವರು ನಿಮ್ಮ ಮನೆಯ ಬಾಗಿಲು ತಟ್ಟಿದರೆ "ಹೌದು, ನಾನೇ" ಅನ್ನಬಲ್ಲಿರಾ? ಅನ್ನುವಂತಿದ್ದರೆ ಆ ಹೆಸರು ನಿಮ್ಮದು. ಈ ಬರಹದ ಜೊತೆ ಸಂಪಾದಕರಿಗೆ ನನ್ನ ಆ ಹಳೆಯ ಕಾವ್ಯನಾಮವನ್ನೂ ತಿಳಿಸಿದ್ದೇನೆ. ಆ ಗೆಳೆಯನಿಗೆ ನಿನ್ನೆ ರಾತ್ರಿ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುರ್ಚಿ ಇನ್ನೂ ಇದೆ, ಬಾ" ಅಂದ.

ನೀವೇನಂತೀರಿ? ಮುಂದಿನ ಕೂಟದಲ್ಲಿ ಮಾತಾಡೋಣ.